ಮಲಗುವುದಕ್ಕೆಂದೇ ಒಂದು ಕೋಣೆ

ನಿದ್ದೆಯ ಕಾಯಿಲೆಯೊಂದರ ರೋಗಿಗಳ ಸಮ್ಮೇಳನಕ್ಕೆ ಹೋದಾಗ, ನೋಂದಣಿಯ ಮೇಜಿನ ಬಳಿ ನನ್ನ ಕೊರಳಿಗೆ ಹೆಸರಿನ ಪಟ್ಟಿ ಹಾಕಿದ ಸ್ವಯಂಸೇವಕಿ ಮೊದಲು ತೋರಿಸಿದ್ದು ಸಭಾಂಗಣವನ್ನಲ್ಲ, ಅದರ ಪಕ್ಕದ ಕೋಣೆಯನ್ನು. ಕಿಟಕಿಗಳಿಗೆ ದಪ್ಪ ಪರದೆ ಎಳೆದಿದ್ದ ಆ ಕೋಣೆಯಲ್ಲಿ ಮಡಚುವ ಮಂಚಗಳನ್ನು ಸಾಲಾಗಿ ಹಾಕಿದ್ದರು. ಬೆಳಗಿನ ಒಂಬತ್ತೂವರೆಗೇ ಮೂವರು ಅಲ್ಲಿ ಮಲಗಿದ್ದರು. ನಿದ್ದೆ ಬಂದರೆ ಯಾರನ್ನೂ ಕೇಳಬೇಕಾಗಿಲ್ಲ, ಎಷ್ಟು ಹೊತ್ತಿಗೆ ಎಬ್ಬಿಸಬೇಕೆಂದು ಬಾಗಿಲಲ್ಲಿರುವ ಹಾಳೆಯಲ್ಲಿ ಬರೆದು ಮಲಗಿದರೆ ಸಾಕು, ನಾವು ಬಂದು ಎಬ್ಬಿಸುತ್ತೇವೆ ಎಂದು ಆಕೆ ಹೇಳಿದಾಗ ನನ್ನ ಗಂಟಲು ಕಟ್ಟಿತು. ಹಗಲಿನಲ್ಲಿ ಕಣ್ಣು ಮುಚ್ಚಿದ್ದಕ್ಕೆ ಕ್ಷಮೆ ಕೇಳದೆ ಕಳೆದ ದಿನವೊಂದು ನನ್ನ ನೆನಪಿನಲ್ಲಿರಲಿಲ್ಲ.

ನನಗಿರುವುದು ನಾರ್ಕೊಲೆಪ್ಸಿ, ಹಗಲಿನಲ್ಲೂ ತಡೆಯಲಾಗದಂತೆ ನಿದ್ದೆ ಬರುವ ಕಾಯಿಲೆ. ಹದಿಮೂರನೆಯ ವಯಸ್ಸಿನಲ್ಲಿ ಆರಂಭವಾದ ಈ ಕಾಯಿಲೆಯ ಹೆಸರು ನನಗೆ ತಿಳಿದದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ, ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೇಲೆ. ತೀರ್ಥಹಳ್ಳಿಯ ಕಡೆಯ ನಮ್ಮೂರಿನಲ್ಲಿ ನಾನು ಕುಂಭಕರ್ಣ ಎನ್ನಿಸಿಕೊಂಡೇ ಬೆಳೆದೆ. ಗಣಿತದ ತರಗತಿಯಲ್ಲಿ ತೂಕಡಿಸಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರೆ ನಿಂತಲ್ಲೇ ಜೊಂಪು ಹತ್ತುತ್ತಿತ್ತು. ಬೆಳಗಿನ ಜಾವ ಎಚ್ಚರವಾದರೂ ಕೈಕಾಲು ಆಡದೆ, ಯಾರೋ ಎದೆಯ ಮೇಲೆ ಕುಳಿತಂತಾಗಿ ಕೂಗಲೂ ಆಗುತ್ತಿಲ್ಲವೆಂದು ಹೇಳಿದಾಗ ಅಮ್ಮ ತಾಯಿತ ಕಟ್ಟಿಸಿದರು. ಅಮ್ಮನನ್ನು ನಾನು ದೂರುವುದಿಲ್ಲ. ಅವರಿಗೆ ಗೊತ್ತಿದ್ದ ಔಷಧಿ ಅದೊಂದೇ ಆಗಿತ್ತು.

ಪರೀಕ್ಷೆಯ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಓದುವವರಲ್ಲಿ ಯಾರಿಗಾದರೂ ಅದು ಬೇಕಾದೀತು. ಒಂದು ರಾತ್ರಿ ತಲೆಗೆ, ಗಲ್ಲಕ್ಕೆ, ಕಾಲಿಗೆ ತಂತಿಗಳನ್ನು ಅಂಟಿಸಿ ಮಲಗಿಸುತ್ತಾರೆ. ಮರುದಿನ ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆ, ನಾಲ್ಕೈದು ಬಾರಿ, ಕತ್ತಲ ಕೋಣೆಯಲ್ಲಿ ನಿದ್ದೆ ಮಾಡಲು ಅವಕಾಶ ಕೊಡುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಕನಿಷ್ಠ ಎರಡು ಬಾರಿ 15 ನಿಮಿಷದೊಳಗೆ ಕನಸಿನ ನಿದ್ದೆಗೆ ಜಾರಿದರೆ ಅದು ನಾರ್ಕೊಲೆಪ್ಸಿಯ ಗುರುತು. ಆರೋಗ್ಯವಂತರು ಆ ಹಂತವನ್ನು ಮುಟ್ಟಲು ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ ಬೇಕು. ನಾನು ಐದಕ್ಕೆ ನಾಲ್ಕು ಬಾರಿ ನೇರವಾಗಿ ಕನಸಿಗೇ ಹೋಗಿದ್ದೆ.

ಸಮ್ಮೇಳನದ ಮೊದಲ ಉಪನ್ಯಾಸ ಈ ಕಾಯಿಲೆಯ ಇತಿಹಾಸವನ್ನು ಕುರಿತದ್ದಾಗಿತ್ತು. 1880ರಲ್ಲಿ ಫ್ರಾನ್ಸಿನ ವೈದ್ಯ ಜೆಲಿನೊ ಇದಕ್ಕೆ ಹೆಸರಿಟ್ಟ ಮೇಲೂ, ಕಾರಣ ತಿಳಿಯಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಂಶಪಾರಂಪರ್ಯವಾಗಿ ಈ ಕಾಯಿಲೆ ಬಂದಿದ್ದ ಡೋಬರ್‌ಮನ್ ನಾಯಿಗಳನ್ನು ಸಾಕಿ ಅಧ್ಯಯನ ಮಾಡುತ್ತಿದ್ದ ಇಮ್ಯಾನುಯೆಲ್ ಮಿನ್ಯೋ ಅವರ ತಂಡ 1999ರಲ್ಲಿ ಅವುಗಳ ದೋಷಪೂರಿತ ಜೀನನ್ನು ಪತ್ತೆಮಾಡಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಎರಡು ಬೇರೆ ಬೇರೆ ತಂಡಗಳು ಮಿದುಳಿನ ಒಂದೇ ರಾಸಾಯನಿಕವನ್ನು ಕಂಡುಹಿಡಿದು, ಒಂದು ಹೈಪೊಕ್ರೆಟಿನ್ ಎಂದೂ ಇನ್ನೊಂದು ಒರೆಕ್ಸಿನ್ ಎಂದೂ ಕರೆದಿದ್ದವು. ಎಚ್ಚರವನ್ನು ಎಚ್ಚರವಾಗಿಯೇ ಉಳಿಸುವ ಆ ರಾಸಾಯನಿಕದ ಸಂಕೇತ ನಾಯಿಗಳ ಮಿದುಳಿಗೆ ಮುಟ್ಟುತ್ತಿರಲಿಲ್ಲ. ಮನುಷ್ಯರಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ ಎಂಬುದು 2000ದಲ್ಲಿ ಖಚಿತವಾಯಿತು. ಸುಮಾರು 8,600 ಕೋಟಿ ನರಕೋಶಗಳಿರುವ ಮಿದುಳಿನಲ್ಲಿ ಇವು ಹೆಚ್ಚುಕಡಿಮೆ 70,000 ಮಾತ್ರ. ನಮ್ಮಂಥವರಲ್ಲಿ ಅವುಗಳ ಬಹುಪಾಲು ಇಲ್ಲವಾಗಿರುತ್ತದೆ. ಒಂದು ಸಣ್ಣ ಪಟ್ಟಣದ ಜನರಷ್ಟು ಜೀವಕೋಶಗಳು! ಇಷ್ಟು ವರ್ಷ ನನ್ನ ಸೋಮಾರಿತನ, ನನ್ನ ಅಶಿಸ್ತು ಎಂದು ಎಲ್ಲರೂ ಕರೆದದ್ದು, ನಾನೂ ನಂಬಿದ್ದು, ಇವುಗಳ ಸಾವನ್ನು. ಇದನ್ನು ನಾನು ಮೊದಲೇ ಓದಿ ತಿಳಿದಿದ್ದೆ. ಆದರೆ ಅದೇ ಕೋಶಗಳನ್ನು ಕಳೆದುಕೊಂಡ ನೂರಾರು ಜನರ ನಡುವೆ ಕುಳಿತು ಕೇಳುವುದು ಬೇರೆಯೇ ಅನುಭವ. ನನ್ನ ಸಾಲಿನಲ್ಲಿ ಇಬ್ಬರು ನಿದ್ದೆಹೋಗಿದ್ದರು. ಉಪನ್ಯಾಸಕರು ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ.

ಮಧ್ಯಾಹ್ನ ರೋಗಿಗಳೇ ಮಾತನಾಡುವ ಗೋಷ್ಠಿಯಿತ್ತು. ಹಿರಿಯರೊಬ್ಬರು ತಮ್ಮ ಮದುವೆಯ ದಿನದ ಪ್ರಸಂಗವೊಂದನ್ನು ಬಹಳ ಸೊಗಸಾಗಿ ಹೇಳಿದರು, ಸಭೆ ಗೊಳ್ಳೆಂದು ನಕ್ಕಿತು, ಮರುಗಳಿಗೆಯಲ್ಲೇ ಅಲ್ಲಲ್ಲಿ ತಲೆಗಳು ಬಾಗಿದವು, ಗಲ್ಲಗಳು ಸಡಿಲವಾದವು, ಹಿಂದೆ ನಿಂತಿದ್ದ ಯುವತಿಯೊಬ್ಬಳ ಮಂಡಿ ಕುಸಿಯಿತು. ಇದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ: ನಗುವಿನಂಥ ಗಾಢ ಭಾವ ಉಕ್ಕಿದಾಗ ಪ್ರಜ್ಞೆ ಪೂರ್ತಿಯಾಗಿ ಇರುವಾಗಲೇ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ. ಆ ಯುವತಿಯ ಪಕ್ಕದಲ್ಲಿದ್ದವರು ಗಾಬರಿಯಾಗಲಿಲ್ಲ. ಮುಖಕ್ಕೆ ನೀರು ಚಿಮುಕಿಸಲಿಲ್ಲ, ಕೈಗೆ ಕಬ್ಬಿಣ ಹಿಡಿಸಲಿಲ್ಲ, ಆಂಬುಲೆನ್ಸ್ ಕರೆಸಲಿಲ್ಲ. ತೋಳು ಹಿಡಿದು ಮೆಲ್ಲಗೆ ನೆಲಕ್ಕೆ ಕೂರಿಸಿ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ತಿಳಿದಿದ್ದರಿಂದ ಅವಳೊಡನೆ ಮಾತು ಮುಂದುವರಿಸಿದರು. ನಿಮಿಷದೊಳಗೆ ಅವಳು ಎದ್ದಳು. ನನ್ನ ಕುತ್ತಿಗೆಯೂ ಆಗ ಸೋತಿತ್ತು. ಹದಿನೆಂಟು ವರ್ಷ ನಾನು ನಗುವಿಗೆ ಹೆದರಿ, ಗೆಳತಿಯರ ಗುಂಪಿನಿಂದ ಸರಿದು ಬದುಕಿದ್ದೆ. ಅಂದು ಮನಸಾರೆ ನಕ್ಕೆ.

ಸಂಜೆಯ ಹೊತ್ತಿಗೆ ಆ ಮಲಗುವ ಕೋಣೆಯ ಹೊರಗೆ, ನನ್ನ ಪತಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತನಾಡಿ ಮುಗಿಸಿದಾಗ, ಎದುರಿನ ಕುರ್ಚಿಯಲ್ಲಿದ್ದ ಹೆಂಗಸು ಎದ್ದು ಬಂದು, “ಅಕ್ಕಾ, ನೀವು ಕನ್ನಡದವ್ರಾ?” ಎಂದು ಕೇಳಿದರು. ತುಮಕೂರಿನವರು. ಅವರ ಹದಿನಾಲ್ಕು ವರ್ಷದ ಮಗ ಒಳಗೆ ಮಲಗಿದ್ದ. ಕಾಯಿಲೆ ಪತ್ತೆಯಾಗಿ ನಾಲ್ಕೇ ತಿಂಗಳಾಗಿತ್ತು. ಹುಳು, ವೈರಸ್, ವಂಶ, ಯಾವುದರಿಂದ ಬಂತೆಂದು ಅವರು ಕೇಳುತ್ತಲೇ ಇದ್ದರು. ಒಂದು ಬಗೆಯ ಜೀನ್ ಇರುವವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಆ ಕೋಶಗಳ ಮೇಲೆ ತಿರುಗಿಬೀಳುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆಂದೂ, ತಾಯಿ ಮಾಡಿದ್ದರಿಂದಾಗಲಿ ಮಾಡದ್ದರಿಂದಾಗಲಿ ಬಂದದ್ದಲ್ಲವೆಂದೂ ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಊರಲ್ಲಿ ಅತ್ತೆಗೆ ಇನ್ನೂ ಹೇಳಿಲ್ಲ ಅಕ್ಕಾ. ಇವ್ನು ಮುಂದೆ ಓದ್ತಾನಾ?” ಎಂದರು.

ಓದುತ್ತಾನೆ, ನಾನೂ ಓದಿದ್ದೇನೆ ಎಂದೆ. ಆದರೆ ನಾನು ಓದಿದಂತೆ, ಮುಳ್ಳು ಚುಚ್ಚಿಕೊಂಡು ಎಚ್ಚರವಾಗಿರುತ್ತ ಅವನು ಓದಬೇಕಾಗಿಲ್ಲ. ಅಮೆರಿಕದ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ನಿದ್ದೆಯ ವಿರಾಮವನ್ನೂ ಪರೀಕ್ಷೆಗೆ ಹೆಚ್ಚುವರಿ ಸಮಯವನ್ನೂ ಕೇಳಬಹುದು ಎಂದು ಬೆಳಗಿನ ಗೋಷ್ಠಿಯಲ್ಲಿ ಬರೆದುಕೊಂಡಿದ್ದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿರುವ 21 ಬಗೆಗಳಲ್ಲಿ ನಾರ್ಕೊಲೆಪ್ಸಿಯ ಹೆಸರಿಲ್ಲ. ಈ ಕೊರತೆ ನನ್ನನ್ನು ಕಾಡುತ್ತದೆ, ಏಕೆಂದರೆ ಬೆಂಚಿನ ಮೇಲೆ ನಿಂತ ಮಕ್ಕಳು ಅಲ್ಲಿ ಈಗಲೂ ಇದ್ದಾರೆ.

ಊಟದ ಮೇಜಿನಲ್ಲಿ ಕುಳಿತು ಶಾಲೆಗೆ ಬರೆಯುವ ಪತ್ರದ ಕರಡನ್ನು ಇಬ್ಬರೂ ಸಿದ್ಧಪಡಿಸಿದೆವು: ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ, ನರ್ಸ್ ಕೋಣೆಯಲ್ಲಿ ಒಂದು ಹಾಸಿಗೆ, ಎಬ್ಬಿಸಲು ಒಬ್ಬರು. ಆ ಹೊತ್ತಿಗೆ ಹುಡುಗ ಕಣ್ಣುಜ್ಜುತ್ತ ಹೊರಬಂದು, ಪತ್ರವನ್ನು ನಿಂತೇ ಓದಿ, “ಇಪ್ಪತ್ತೈದು ಅಂತ ಬರೀರಿ ಆಂಟಿ” ಎಂದ. ತಿದ್ದಿ ಬರೆದೆವು.