ಬಂಗಾರಕ್ಕನ ಸೀರೆ ಕೊನೆಗೂ ಕೆಂಪಾಯಿತು

ಪರದೆಯ ಹಿಂದೆ ದೀಪವಿಟ್ಟು ಆಡಿಸುವ ತೊಗಲುಗೊಂಬೆಯಾಟದ ಪೆಟ್ಟಿಗೆಯೊಂದನ್ನು ಕಟ್ಟುತ್ತಿದ್ದೆ. ಅದರ ಕೆಲಸ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದವರಿಗೆ ಉತ್ತರ: ರೋಟರಿ ಕ್ಲಬ್ಬಿನ ವಾರದ ಸಭೆಯವರೆಗೆ ಬಂತು. ಆಟದ ಹಾಸ್ಯಗಾರ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ; ಆ ಬಂಗಾರಕ್ಕನ ಸೀರೆ ಅಲ್ಲಿ ಕೆಂಪಗೆ ಕಾಣಿಸಿತು. ಇಷ್ಟು ಸಣ್ಣ ಸಂಗತಿಗೆ ಇಷ್ಟು ಸಂಭ್ರಮವೇ ಎನ್ನುವವರು ಎಲ್‌ಇಡಿ ದೀಪದ ಮುಂದೆ ಗೊಂಬೆ ಹಿಡಿದು ನೋಡಿದವರಲ್ಲ.

ಹಿನ್ನೆಲೆ ಚಿಕ್ಕದು. ನಮ್ಮ ಊರಿನ ಕಲಾಕೇಂದ್ರದ ಸಂಚಾಲಕಿಯವರನ್ನು ಕ್ಲಬ್ಬಿನವರು ಅತಿಥಿ ಭಾಷಣಕ್ಕೆ ಕರೆದಿದ್ದರು. ಮೇಡಂ ಅವರಿಗೆ ಪ್ರೊಜೆಕ್ಟರ್ ಕಂಡರೆ ಆಗದು. ‘ಅಂಕಿಅಂಶ ಓದುವುದಕ್ಕೆ ಬ್ಯಾಂಕಿನವರು ಇದ್ದಾರೆ, ನಾವು ಆಟ ತೋರಿಸೋಣ’ ಎಂದರು. ಭಾಷಣದ ಕೊನೆಯ ಆರು ನಿಮಿಷ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಜಗಳ. ಪರದೆ, ದೀಪ, ಗೊಂಬೆ ಎಲ್ಲವೂ ಕಾರಿನ ಡಿಕ್ಕಿಯಲ್ಲಿ ಹಿಡಿಸಬೇಕು. ಕರೆಂಟು ಹೋದರೆ ಸಭಾಂಗಣದ ಇನ್ವರ್ಟರಿನಲ್ಲಿ ನಡೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಎರಡನೆಯ ಷರತ್ತು ಅಲಂಕಾರಕ್ಕೆ ಹಾಕಿದ್ದಲ್ಲ.

ಮೇಕೆಯ ಚರ್ಮ ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸಿ, ಉಳಿಯಲ್ಲಿ ಒಡವೆಗಳ ತೂತು ಹೊಡೆದು, ಬಿದಿರು ಸೀಳಿ ಕಡ್ಡಿ ಕಟ್ಟುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. ಪಿವಿಸಿ ಪೈಪಿನ ಚೌಕಟ್ಟಿಗೆ ಬಿಳಿ ಪಂಚೆ ಬಿಗಿದದ್ದೂ ಹಾಗೆಯೇ. ಕಾಡಿದ್ದು ದೀಪ, ಅದರಲ್ಲೂ ಕೆಂಪು.

ಮೊದಲು ಹಳೆಯ 500 ವ್ಯಾಟ್ ಹ್ಯಾಲೊಜೆನ್ ಕಟ್ಟಿದೆವು. ಬಣ್ಣಗಳು ಹಬ್ಬದಂತೆ ಎದ್ದವು. ತಂತಿ ಕಾದು ಉರಿಯುವ ದೀಪದ ಬೆಳಕಿನಲ್ಲಿ ಕೆಂಪಿಗೆ ಬರವೇ ಇಲ್ಲ; ಹರಳೆಣ್ಣೆಯ ದೀಪದಲ್ಲಂತೂ ಇನ್ನೂ ಹೆಚ್ಚು. ಆದರೆ ಬಿಸಿ! ಹದ ಮಾಡದ ಚರ್ಮಕ್ಕೆ ತೇವ ಬಂದರೂ ಕಷ್ಟ, ಒಮ್ಮೆಲೇ ಒಣಗಿದರೂ ಕಷ್ಟ. ಮಳೆಯ ತಂಪಿಗೆ ಮೆತ್ತಗಾಗಿದ್ದ ಬಂಗಾರಕ್ಕ ದೀಪದ ಮುಂದೆ ನಿಂತ ಸ್ವಲ್ಪ ಹೊತ್ತಿಗೆ ಮೂಗಿನ ತುದಿಯಿಂದ ಸುರುಳಿ ಸುತ್ತಿಕೊಳ್ಳತೊಡಗಿದಳು. ಗಂಡನ ಮೇಲಿನ ಮುನಿಸಿಗೆ ಅದು ಹೊಂದುತ್ತಿತ್ತು ನಿಜ, ಆದರೆ ಪ್ರತಿ ಪ್ರದರ್ಶನಕ್ಕೂ ಮೂಗು ಇಸ್ತ್ರಿ ಮಾಡುವ ತಾಳ್ಮೆ ನನಗಿಲ್ಲ. ಆ ಇನ್ವರ್ಟರಿಗೂ 500 ವ್ಯಾಟ್ ಹೊರುವ ಶಕ್ತಿ ಇರಲಿಲ್ಲ.

ಹಾಗಾಗಿ ಎಲ್‌ಇಡಿ. ಬೆಳಕು ಬೇಕಾದಷ್ಟು, ಬಿಸಿ ಕಡಿಮೆ, ಖರ್ಚೂ ಕಡಿಮೆ. ಪರದೆಯ ಮೇಲೆ ಹಸಿರು ಹಸಿರೇ, ಹಳದಿ ಹಳದಿಯೇ. ಸೀರೆ ಮಾತ್ರ ಹಳೆಯ ಬೆಲ್ಲದ ಅಚ್ಚಿನ ಬಣ್ಣ. ಬಣ್ಣದ ತಪ್ಪೆಂದು ಇನ್ನೊಂದು ಕೋಟು ಬಳಿದರೆ ಇನ್ನಷ್ಟು ಕಪ್ಪು. ಪೋಸ್ಟರ್ ಬಣ್ಣ ಬಳಸಿದೆಯಾ ಎಂದು ಕೇಳಬೇಡಿ. ಪಾರದರ್ಶಕ ಶಾಯಿಯನ್ನೇ ಬಳಸಿದ್ದೇನೆ.

ಕಾರಣ ಇದು. ತೊಗಲುಗೊಂಬೆಯ ಕೆಂಪು ತಾನಾಗಿ ಹೊಳೆಯುವುದಿಲ್ಲ. ಹಿಂದಿನ ಬೆಳಕಿನಲ್ಲಿರುವ ಕೆಂಪನ್ನು ಬಿಟ್ಟುಕೊಟ್ಟು ಉಳಿದದ್ದನ್ನು ನುಂಗುತ್ತದೆ, ಅಷ್ಟೇ. ಬಿಳಿ ಎಲ್‌ಇಡಿ ಒಳಗಿರುವುದು ನೀಲಿ ಬೆಳಕಿನ ಚಿಪ್, ಅದರ ಮೇಲೆ ಆ ನೀಲಿಯ ಒಂದಷ್ಟನ್ನು ಹಳದಿಯಾಗಿಸುವ ಫಾಸ್ಫರ್ ಲೇಪ. ಅಗ್ಗದ ಮಾಲಿನಲ್ಲಿ ಗಾಢ ಕೆಂಪು ಬಹಳ ಕಡಿಮೆ. ಬಾರದ ಬೆಳಕನ್ನು ಸೀರೆ ಎಲ್ಲಿಂದ ತಂದು ಕೊಡಬೇಕು?

‘ಸಿಆರ್‌ಐ ನೋಡಿ ಕೊಳ್ಳಿ’ ಎಂದು ಎಲ್ಲರೂ ಹೇಳುತ್ತಾರೆ. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ ಅದು. ನಾನೂ ನೋಡಿಯೇ ಕೊಂಡೆ. ಆದರೆ ಆ ಸಂಖ್ಯೆ ಎಂಟು ಮಾಸಲು ಬಣ್ಣಗಳ ಸರಾಸರಿ. ಗಾಢ ಕೆಂಪಿಗೆ ಆರ್‌9 ಎಂಬ ಬೇರೆಯೇ ಅಂಕ ಉಂಟು, ಅದು ಆ ಸರಾಸರಿಯಲ್ಲಿ ಸೇರುವುದೇ ಇಲ್ಲ. 80ರ ದೀಪವೊಂದು ಕೆಂಪಿನಲ್ಲಿ ಸೊನ್ನೆಯ ಹತ್ತಿರವಿದ್ದರೂ ಪೆಟ್ಟಿಗೆಯ ಮೇಲೆ ಪ್ರಥಮ ದರ್ಜೆಯಲ್ಲಿ ಪಾಸು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ‘95’ ಎಂದು ಮುದ್ರಿಸಿದ ದೀಪ ತರಿಸಿದೆ. ಅದರಲ್ಲೂ ಬೆಲ್ಲದ ಅಚ್ಚೇ. ಫೋನ್ ಮಾಡಿದರೆ ‘ನಿಮ್ಮ ಗೊಂಬೆಯೇ ಹಾಗಿರಬಹುದು ಸರ್’ ಎಂಬ ಉತ್ತರ. ರೋಟರಿಯವರು ಪಠಿಸುವ ನಾಲ್ಕು ಪ್ರಶ್ನೆಗಳ ಪರೀಕ್ಷೆ ನಿಮಗೆ ಗೊತ್ತಿರಬಹುದು. 1932ರಲ್ಲಿ ಶಿಕಾಗೋದ ಹರ್ಬರ್ಟ್ ಟೇಲರ್ ಅವರು ದಿವಾಳಿಯ ಅಂಚಿನಲ್ಲಿದ್ದ ಪಾತ್ರೆ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಬರೆದದ್ದು ಅದು. ಕ್ಲಬ್ಬುಗಳು ಆಮೇಲೆ ತಮ್ಮದಾಗಿಸಿಕೊಂಡವು. ಮೊದಲ ಪ್ರಶ್ನೆಯೇ ‘ಇದು ಸತ್ಯವೇ?’ ನನ್ನ ದೀಪ ಎರಡನೆಯ ಪ್ರಶ್ನೆಯವರೆಗೂ ಹೋಗಲಿಲ್ಲ.

ಮುಂದಿನ ಉಪಾಯ: ಬಿಳಿ ದೀಪದ ಪಕ್ಕದಲ್ಲಿ ಪ್ರತ್ಯೇಕ ಕೆಂಪು ಎಲ್‌ಇಡಿ. ಸೀರೆ ಕೆಂಪಾಯಿತು. ಆದರೆ ಕಿಳ್ಳೇಕ್ಯಾತನಿಗೆ ಎರಡು ಮೂಗು ಬಂದವು, ಒಂದರ ಅಂಚು ಕೆಂಪು, ಇನ್ನೊಂದರದು ನೀಲಿ ಬೆರೆತ ಹಸಿರು. ಎರಡು ದೀಪಗಳ ನಡುವೆ 4 ಸೆಂ.ಮೀ. ಅಂತರ, ದೀಪದಿಂದ ಪರದೆಗೆ 80 ಸೆಂ.ಮೀ. ಗೊಂಬೆ ಪರದೆಗೆ ಅಂಟಿಕೊಂಡಿದ್ದರೆ ಏನೂ ತೊಂದರೆ ಇಲ್ಲ. 10 ಸೆಂ.ಮೀ. ಹಿಂದೆ ಸರಿದರೆ ಎರಡು ನೆರಳುಗಳು ಸುಮಾರು 6 ಮಿ.ಮೀ. ದೂರವಾಗುತ್ತವೆ. ಜಗಳವಾಡುವ ಗೊಂಬೆಗಳು ಹಿಂದೆ ಮುಂದೆ ಹಾರದೆ ಇರುತ್ತವೆಯೇ? ಎರಡಕ್ಕೂ ಸೇರಿಸಿ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಅಡ್ಡ ಇಟ್ಟೆ. ಬಣ್ಣ ಬೆರೆಯಿತು, ಆದರೆ ದೀಪದ ಮುಖ ದೊಡ್ಡದಾಗಿ ನೆರಳಿನ ಅಂಚೆಲ್ಲ ಮಬ್ಬು. ಕಣ್ಣು ನೋಯಿಸಿಕೊಂಡು ಉಳಿಯಲ್ಲಿ ಹೊಡೆದ ತೂತುಗಳು ಕರಗಿಹೋದವು. ಆ ಸಂಜೆ ನಾನು ಆಡಿದ ಮಾತುಗಳನ್ನು ಕಿಳ್ಳೇಕ್ಯಾತನ ಬಾಯಲ್ಲೂ ಹಾಕಲಾಗದು.

ದಾರಿ ತೋರಿಸಿದ್ದು ಕಪಾಟಿನ ತಳದಲ್ಲಿ ಬಿದ್ದಿದ್ದ ಹಳೆಯ ಸಿ.ಡಿ. ದೀಪವನ್ನು ಕಿರಿದಾದ ಸೀಳಿನ ಹಿಂದೆ ಇಟ್ಟು ಸಿ.ಡಿ.ಯನ್ನು ಓರೆಯಾಗಿ ಹಿಡಿದರೆ ಬೆಳಕು ಕಾಮನಬಿಲ್ಲಾಗಿ ಬಿಚ್ಚಿಕೊಳ್ಳುತ್ತದೆ. ಹ್ಯಾಲೊಜೆನ್‌ನಲ್ಲಿ ಕೆಂಪು ಉದ್ದಕ್ಕೆ ಚಾಚಿಕೊಂಡಿತ್ತು. ‘95’ರ ದೀಪದಲ್ಲಿ ಕಿತ್ತಳೆ ದಾಟುತ್ತಿದ್ದಂತೆ ಕತ್ತಲೆ. ಅಂಕ ಹೇಳುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಅಗ್ಗದ ಉಪಕರಣವಿಲ್ಲ. ಆಮೇಲೆ ಅಂಗಡಿಗೆ ನಾನೇ ಸಿ.ಡಿ. ಹಿಡಿದುಕೊಂಡು ಹೋದೆ. ಇನ್ನೊಂದು ಅಂಗಡಿಗೆ, ಹೇಳಬೇಕಾಗಿಲ್ಲ. ಮಾಲೀಕರು ಮೊದಲು ‘ನಾವು ಹಾಡು ಮಾರುವುದಿಲ್ಲ’ ಎಂದರು. ಕೊನೆಗೆ ಅಂಗಡಿಯ ಎಲ್ಲ ದೀಪಗಳನ್ನೂ ತಾವೇ ಒಂದೊಂದಾಗಿ ಹಚ್ಚಿ ನೋಡುತ್ತ ಕುಳಿತರು. ಸಿಕ್ಕಿದ್ದು ಉಗುರಿನಷ್ಟು ಅಗಲದ, ಒಂದೇ ಹಲಗೆಯ ಮೇಲೆ ಚಿಪ್‌ಗಳನ್ನು ಒತ್ತೊತ್ತಾಗಿ ಕೂರಿಸಿದ ಸಿಒಬಿ ಎಲ್‌ಇಡಿ. ಫೋಟೋ ಸ್ಟುಡಿಯೋದವರಿಗಾಗಿ ತರಿಸಿದ್ದಂತೆ. ಸಿ.ಡಿ.ಯಲ್ಲಿ ಕೆಂಪು ನಿರಾಳವಾಗಿ ಚಾಚಿತ್ತು. ಬೆಳಕಿನ ಮೂಲ ಚಿಕ್ಕದು, ಒಂದೇ. ಹಾಗಾಗಿ ಮೂಗೂ ಒಂದೇ. ಹಿಂದೆ, ಬಿಸಿ ಎಳೆದು ಹೊರಹಾಕಲು, ಕಂಪ್ಯೂಟರಿನ ಹಳೆಯ ಹೀಟ್‌ಸಿಂಕ್ ತಿರುಪು ಹಾಕಿ ಬಿಗಿದೆ. ಬೆಲೆ ಹೇಳುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಇನ್ನು ಸಭೆ. ಅಧ್ಯಕ್ಷರು ಗಂಟೆ ಬಾರಿಸಿದರು, ಪ್ರಾರ್ಥನೆಯಾಯಿತು, ಪ್ರಕಟಣೆಗಳು ಭಾಷಣದ ಹೊತ್ತನ್ನು ತಿಂದವು. ಮೇಡಂ ಚೂರೂ ಗಲಿಬಿಲಿಯಾಗಲಿಲ್ಲ. 1949ರಲ್ಲಿ ಹೆಗ್ಗೋಡಿನಂತಹ ಹಳ್ಳಿಯಲ್ಲಿ ನೀನಾಸಂ ರಂಗಸಂಸ್ಥೆ ಹುಟ್ಟಿದ್ದನ್ನು, ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದದ್ದನ್ನು ಹೇಳಿ, ನೇರವಾಗಿ ಕೇಳಿದರು: ‘ನಿಮ್ಮ ಮಕ್ಕಳು ಸಂಜೆ ಬಂದು ಕೈ ಕೊಳೆ ಮಾಡಿಕೊಳ್ಳಲು ಊರಿನಲ್ಲಿ ಒಂದು ಜಾಗ ಬೇಡವೇ?’ ನಂತರ ಟ್ಯೂಬ್‌ಲೈಟ್ ಆರಿಸಿದರು. ಕಿಳ್ಳೇಕ್ಯಾತ ಪರದೆಗೆ ಬಂದವನೇ, ‘ಇದೆಂಥ ಗುಡಿಯಪ್ಪಾ, ಗಂಟೆ ಹೊಡೆದರೆ ಪ್ರಸಾದ ಕೊಡುವುದಿಲ್ಲ, ಭಾಷಣ ಕೊಡುತ್ತಾರೆ!’ ಎಂದ. ಅಧ್ಯಕ್ಷರೇ ಮೊದಲು ನಕ್ಕರು, ನಾವು ಬದುಕಿದೆವು. ಹಿಂದೆಯೇ ಬಂಗಾರಕ್ಕ, ಕೆಂಪು ಸೀರೆಯಲ್ಲಿ. ದೀಪದ ಪಕ್ಕ ಕುಳಿತಿದ್ದ ನನಗೆ ಕಥೆ ಎಲ್ಲಿಗೆ ಹೋಯಿತೋ ತಿಳಿಯದು, ಸೀರೆಯನ್ನೇ ನೋಡುತ್ತಿದ್ದೆ. ಊಟದ ಸಾಲಿನಲ್ಲಿ ಒಬ್ಬರು ‘ಯಾವ ಆ್ಯಪ್‌ನಲ್ಲಿ ಮಾಡಿದ್ದು?’ ಎಂದು ಕೇಳಿದರು. ಮೇಕೆಯಲ್ಲಿ ಎಂದೆ.

ಕ್ಲಬ್ಬಿನವರು ಸರ್ಕಾರಿ ಶಾಲೆಗಳಿಗೂ ಈ ಆಟ ಒಯ್ಯೋಣ ಎಂದಿದ್ದಾರೆ, ಮೇಡಂ ದಿನಾಂಕ ಗೊತ್ತುಮಾಡುತ್ತಿದ್ದಾರೆ. ನನ್ನ ತಲೆ ಆಗಲೇ ಬೇರೆಡೆ ಓಡಿದೆ. ಮೇಡಂ ಮಾತಾಡುವಾಗ ಅವರ ಹಿಂದಿನ ಬ್ಯಾನರಿನಲ್ಲಿದ್ದ ರೋಟರಿ ಲಾಂಛನದ ಚಕ್ರವನ್ನೇ ಎಣಿಸುತ್ತಿದ್ದೆ: 24 ಹಲ್ಲು, 6 ಕಡ್ಡಿ, ನಡುವಿನ ತೂತಿನಲ್ಲಿ ಒಂದು ಕಚ್ಚು. ಆ ಕಚ್ಚು ಮೊದಲು ಇರಲಿಲ್ಲ. ಕಚ್ಚಿಲ್ಲದ ಚಕ್ರ ಅಚ್ಚಿನ ಮೇಲೆ ಸುಮ್ಮನೆ ಜಾರುತ್ತದೆ, ಕೆಲಸ ಮಾಡದು ಎಂದು ಎಂಜಿನಿಯರುಗಳು ತಕರಾರು ತೆಗೆದ ಮೇಲೆ 1920ರ ದಶಕದಲ್ಲಿ ಸೇರಿದ್ದು. ನನ್ನ ಮುಂದಿನ ಗೊಂಬೆ ಕರ್ಣನ ರಥ. ಚಕ್ರ ನಿಜವಾಗಿ ತಿರುಗಬೇಕು, ತಿರುಗುತ್ತಲೇ ಹೂತುಹೋಗಬೇಕು. ಚರ್ಮದ ಚಕ್ರ ಬಿದಿರಿನ ಅಚ್ಚಿನ ಮೇಲೆ ಜಾರುವುದೇ ತಲೆನೋವಾಗಿತ್ತು. ಅಚ್ಚಿಗೊಂದು ಕಚ್ಚು ಕೊಟ್ಟು ಬಿದಿರಿನ ಸಿಬಿರು ಸಿಕ್ಕಿಸಿದರೆ ಹಿಡಿಯಬಹುದು. ಚಕ್ರದ ನಡುವಿನ ಗುಂಬಕ್ಕೆ ಚಪ್ಪಲಿ ರಿಪೇರಿಯವರು ತೂತಿಗೆ ಹಾಕುವ ಹಿತ್ತಾಳೆ ಐಲೆಟ್ ಸಾಕೋ, ಮರದ್ದೇ ಕಡೆಸಬೇಕೋ, ಮಾಡಿ ನೋಡಿದವರು ತಿಳಿಸಿ. ಮಳೆಗಾಲದಲ್ಲಿ ಕಲೆಯಿಲ್ಲದ ಮೇಕೆ ಚರ್ಮ ಕೊಡುವವರು ಗೊತ್ತಿದ್ದರೆ ಅದನ್ನೂ ತಿಳಿಸಿ; ಈಗಿನವರು ಕಳಿಸಿದ್ದರಲ್ಲಿ ಒಂದು ಮೂಲೆ ಹಿಡಿದು ನೋಡಿದರೆ ಇನ್ನೊಂದು ಮೂಲೆಯಲ್ಲಿ ಬೂಷ್ಟು.