ಕಡವೆ ಕೊಂಬಿನ ಹಿಡಿ

ನನ್ನ ಬಳಿ ಇರುವ ಹದಿನೇಳು ಚೂರಿಗಳಲ್ಲಿ ದುಡ್ಡು ಕೊಡದೆ ಬಂದದ್ದು ಒಂದೇ ಒಂದು, ಅದು ತಾತನದು. ಅಲಗು ನಾಲ್ಕೂವರೆ ಅಂಗುಲ ಉದ್ದವಿದೆ. ಬೆನ್ನು ನೇರವಾಗಿ ಬಂದು ತುದಿಯ ಹತ್ತಿರ ಸ್ವಲ್ಪ ಇಳಿಯುತ್ತದೆ. ಬಾಯಿಯ, ಅಂದರೆ ಹರಿತವಾದ ಅಂಚಿನ, ಕಡೆ ಮಾತ್ರ ಹೊಟ್ಟೆ ದುಂಡಗಿದೆ, ಚರ್ಮ ಸುಲಿಯುವ ಚೂರಿಗೆ ಇರಬೇಕಾದ ಹಾಗೆ. ಅಲಗಿನ ಬುಡದಲ್ಲಿ ‘ಶೆಫೀಲ್ಡ್, ಇಂಗ್ಲೆಂಡ್’ ಎಂಬ ಅಚ್ಚು ಇನ್ನೂ ಓದಲು ಬರುತ್ತದೆ. ಅದರ ಮೇಲಿದ್ದ ತಯಾರಕರ ಹೆಸರನ್ನು ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ ಹಲವು ಕೈಗಳು ಸೇರಿ ಅಳಿಸಿಬಿಟ್ಟಿವೆ. ಹಿಡಿ ಕಡವೆಯ ಕೊಂಬಿನದಾಗಿತ್ತು. ಹೊರಮೈ ಮರದ ಬೇರಿನಂತೆ ಗೀರು ಗೀರಾಗಿ, ಗಂಟು ಗಂಟಾಗಿ ಕಂದು ಬಣ್ಣಕ್ಕಿತ್ತು. ಅಂಗೈ ಕೂರುವ ಜಾಗ ಮಾತ್ರ ಸವೆದು ದಂತದ ಹಾಗೆ ನುಣುಪಾಗಿತ್ತು. ಆ ಹಿಡಿಯನ್ನು ನಾನು ಸರ್ಕಾರಕ್ಕೆ ಒಪ್ಪಿಸಿದ ಕಥೆ ಇದು.

ತಾತ ನಾಗಮಂಗಲ ಕಡೆಯ ರೈತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವುದಕ್ಕೆ ಬಹಳ ಮೊದಲು, ಮೈಸೂರಿನಿಂದ ಕಾಕನಕೋಟೆ ಕಾಡಿನ ಕಡೆಗೆ ಬೇಟೆಗೆ ಹೋಗುತ್ತಿದ್ದವರ ಜೊತೆ ಸಾಮಾನು ಹೊರಲು, ಬೇಟೆ ಸುಲಿಯಲು ಹೋಗುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. ಅಂಥ ಒಬ್ಬ ದೊರೆಯ ಕೈಯಿಂದ ಈ ಚೂರಿ ಬಂದಿತಂತೆ. ಆಗಿನ ಮೈಸೂರಿನಲ್ಲಿ ಬೇಟೆಯ ಸುತ್ತ ಒಂದು ದೊಡ್ಡ ಕಸುಬೇ ಬೆಳೆದಿತ್ತು; ಹುಲಿ, ಚಿರತೆಗಳ ಚರ್ಮವನ್ನು ಹದ ಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆಗೆ ದೇಶದ ಮೂಲೆಮೂಲೆಯಿಂದ ಚರ್ಮಗಳು ಬರುತ್ತಿದ್ದವು. ಚರ್ಮ ಕೆಡದೆ ಅಲ್ಲಿಗೆ ತಲುಪಬೇಕಾದರೆ ಕಾಡಿನಲ್ಲೇ ಮೊದಲ ಸುಲಿತ ಚೆನ್ನಾಗಿ ಆಗಬೇಕು. ಅದಕ್ಕೆ ಬೇಕಿದ್ದದ್ದು ದೊಡ್ಡ ಕತ್ತಿಯಲ್ಲ, ಇಂಥ ಚಿಕ್ಕ ಚೂರಿ.

ಚೂರಿ ಸಂಗ್ರಹಿಸುತ್ತೇನೆ ಎಂದರೆ ಬಹಳಷ್ಟು ಜನ ಮುಖ ಸಿಂಡರಿಸುತ್ತಾರೆ. ನನ್ನ ಸಂಗ್ರಹದಲ್ಲಿ ಕೊಡಗಿನ ಪೀಚೆಕತ್ತಿ ಇದೆ, ಬರ್ಚ್ ಮರದ ಹಿಡಿಯ ಫಿನ್ಲೆಂಡಿನ ಪೂಕ್ಕೊ ಇದೆ, ಲಾರಿಯ ಕಮಾನು ಪಟ್ಟಿಯಿಂದ ನಮ್ಮೂರ ಕಡೆಯ ಕುಲುಮೆಯಲ್ಲೇ ಬಡಿಸಿದ ನಾಲ್ಕು ಚೂರಿಗಳಿವೆ. ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗಿಗೆ ಶಸ್ತ್ರಾಸ್ತ್ರ ನಿಯಮಗಳು ಅನ್ವಯಿಸುವುದರಿಂದ ಅಂಥವನ್ನು ನಾನು ತರುವುದಿಲ್ಲ. ಮಡಿಸುವ ಚೂರಿಗಳೂ ನನಗೆ ಬೇಡ. ಅಲಗಿನ ಉಕ್ಕೇ ಹಿಡಿಯೊಳಗೆ ಮುಳ್ಳಾಗಿ ಇಳಿದಿರುವ ಚೂರಿ ಕೈಯಲ್ಲಿ ನಿಲ್ಲುವ ರೀತಿಯೇ ಬೇರೆ. ಒತ್ತಿದ ಒತ್ತಡವೆಲ್ಲ ನೇರವಾಗಿ ಬಾಯಿಗೆ ಹೋಗುತ್ತದೆ. ಇವುಗಳಲ್ಲಿ ಒಂದನ್ನೂ ನಾನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಎಳನೀರು ಕೆತ್ತುವುದರಿಂದ ಹಿಡಿದು ಕುರಿ ಸುಲಿಯುವವರೆಗೆ ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ. ಕೆಲಸಕ್ಕೆ ಹಚ್ಚದ ಚೂರಿಯ ಬಗ್ಗೆ ಮಾತನಾಡುವ ಹಕ್ಕು ಸಂಗ್ರಾಹಕನಿಗೆ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕ ಧರಿಸಿದವರ ಮೇಲಿನ ಪ್ರಕರಣ ರಾಜ್ಯದಲ್ಲೆಲ್ಲ ಸುದ್ದಿಯಾದಾಗ ನನಗೆ ಮೊದಲು ನೆನಪಾದದ್ದು ತಾತನ ಚೂರಿಯ ಹಿಡಿ. ಹಳೆಯ ಕಾಲದ ವನ್ಯಜೀವಿ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ಕೊಟ್ಟಿತ್ತು. ಆಗ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಈ ಚೂರಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೊಂಬು ತಾನಾಗಿ ಉದುರಿದ್ದಿರಬಹುದಲ್ಲ ಎಂದು ಸ್ನೇಹಿತರೊಬ್ಬರು ಸಮಾಧಾನ ಹೇಳಿದರು. ಕಡವೆ ಕೊಂಬನ್ನು ಉದುರಿಸಿ ಮತ್ತೆ ಬೆಳೆಸಿಕೊಳ್ಳುವುದು ನಿಜ. ಆದರೆ ಉದುರಿದ್ದೋ ಕೊಂದು ತೆಗೆದದ್ದೋ ಎಂದು ಹೇಳುವ ಗುರುತು ಇರುವುದು ಕೊಂಬಿನ ಬುಡದಲ್ಲಿ. ನಡುವಿನ ತುಂಡು ಏನನ್ನೂ ಹೇಳುವುದಿಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಇಂಥ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಅವಕಾಶ ಕೊಟ್ಟ ಮೇಲೆ ನಾನು ಹೆಚ್ಚು ಯೋಚಿಸಲಿಲ್ಲ. ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿದೆ. ಬೇಕಿರುವುದು ಕೊಂಬು, ಕಬ್ಬಿಣವಲ್ಲ, ಬೇರ್ಪಡಿಸಿ ತಂದರೂ ಆದೀತು ಎಂದರು.

ಬೇರ್ಪಡಿಸುವುದು ಹೇಗೆ ಎಂಬುದೇ ಚಿಂತೆಯಾಯಿತು. ಕೆಲವು ವರ್ಷಗಳ ಹಿಂದೆ ನಗರದ ಒಂದು ಸಾಣೆ ಅಂಗಡಿಗೆ ನನ್ನದೊಂದು ಒಳ್ಳೆಯ ಚೂರಿಯನ್ನು ಕೊಟ್ಟು ಕಳೆದುಕೊಂಡಿದ್ದೆ. ಯಂತ್ರದ ಕಲ್ಲಿಗೆ ನೀರಿಲ್ಲದೆ ಒತ್ತಿ ಹಿಡಿದದ್ದರಿಂದ ಬಾಯಿಯ ಅಂಚು ನವಿಲುಗರಿಯಂತೆ ನೀಲಿಗಟ್ಟಿತ್ತು. ಉಕ್ಕು ನೀಲಿಯಾಯಿತೆಂದರೆ ಸುಮಾರು 300 ಡಿಗ್ರಿಯಷ್ಟು ಕಾದು, ಕಮ್ಮಾರ ಕೊಟ್ಟ ಹದ ಇಳಿದುಹೋಯಿತೆಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಆ ಬಾಯಿ ನಿಲ್ಲುವುದಿಲ್ಲ. ಆದ್ದರಿಂದ ತಾತನ ಚೂರಿಯನ್ನು ಯಾರ ಕೈಗೂ ಕೊಡದೆ, ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ನಮ್ಮೂರ ಪಕ್ಕದ ಆಚಾರ್ರ ಕುಲುಮೆಗೆ ಹೋದೆ.

ಕುಲುಮೆಗೆ ಹೋಗುವ ಬೀಳಿನಲ್ಲಿ ತಂಗಡಿ ಹಳದಿಯಾಗಿ ಅರಳಿತ್ತು. ಈ ಗಿಡವನ್ನು ಕಂಡಾಗಲೆಲ್ಲ ನನಗೆ ಉಕ್ಕು ನೆನಪಾಗುತ್ತದೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಜನ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿಯ ಕಡ್ಡಿಯನ್ನೂ ಬೇರೊಂದು ಬಳ್ಳಿಯ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಗಿಡದಲ್ಲಿನ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ಇಂಗ್ಲಿಷರು ವೂಟ್ಜ್ ಎಂದು ಕರೆದದ್ದು ಇದನ್ನೇ; ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೂ 1819ರಲ್ಲಿ ಅದನ್ನು ಪರೀಕ್ಷಿಸಿದ್ದ. ಇಂಥ ನೆಲದಲ್ಲಿ ಶೆಫೀಲ್ಡಿನ ಅಚ್ಚು ಹೊತ್ತ ಚೂರಿಯನ್ನು ಜೇಬಿನಲ್ಲಿಟ್ಟುಕೊಂಡು ನಡೆಯುವಾಗ ನನಗೆ ಒಂದು ಹೆಮ್ಮೆಯಿತ್ತು. ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್‌ನಲ್ಲಿ ತಯಾರಾಗುತ್ತಿದ್ದ ಕೊಂಬಿನ ಹಿಡಿಯ ಚೂರಿಗಳಿಗೆ ಭಾರತದ ಕಡವೆಯ ಕೊಂಬು ಹಡಗಿನಲ್ಲಿ ಹೋಗುತ್ತಿತ್ತು, ಏಕೆಂದರೆ ಅದರ ಒಳತಿರುಳು ಚಿಕ್ಕದು, ಮೈ ಗಟ್ಟಿ. ನಮ್ಮ ಕಾಡಿನ ಕೊಂಬು ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಉಕ್ಕಿಗೆ ಹಿಡಿಯಾಗಿ, ಮತ್ತೆ ತಾತನ ಕೈಗೆ ಮರಳಿತೆಂದು ನಾನು ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಆಚಾರ್ರು ಚೂರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು, ಉಗುರಿನಿಂದ ಅಲಗನ್ನು ಮೀಟಿ ನಾದ ಕೇಳಿದರು, ಆಮೇಲೆ ಬೆಂಕಿಯ ಕಡೆ ಹೋಗದೆ ಹೆಂಡತಿಯನ್ನು ಕರೆದು ಕುದಿಯುವ ನೀರು ತರಲು ಹೇಳಿದರು. ಅಲಗಿಗೆ ಒದ್ದೆ ಗೋಣಿ ಸುತ್ತಿ, ಹಿಡಿಯನ್ನು ಮಾತ್ರ ಚೊಂಬಿನ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದರು. ಹಳೆಯ ಚೂರಿಗಳ ಮುಳ್ಳು ಹಿಡಿಯೊಳಗೆ ಕೂತಿರುವುದು ಅರಗಿನ ಬಲದಿಂದ. ಅರಗು ಮೆತ್ತಗಾಗಲು ಕುದಿನೀರು ಸಾಕು, ಉಕ್ಕಿನ ಹದಕ್ಕೆ ಆ ಕಾವು ಏನೂ ಅಲ್ಲ. ಎರಡು ಸಲ ನೀರು ಬದಲಾಯಿಸಿದ ಮೇಲೆ ಹಿಡಿಯನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುವಿದರು. ಒಂದು ಸಣ್ಣ ಸದ್ದಾಯಿತು. ಹಲ್ಲು ಕಳಚಿದ ಹಾಗೆ ಕೊಂಬು ಅವರ ಕೈಗೆ ಬಂತು.

ಹೊರಬಂದ ಮುಳ್ಳನ್ನು ನೋಡಿ ನಾವಿಬ್ಬರೂ ಸುಮ್ಮನಾದೆವು. ಅದರ ಮೇಲಿದ್ದದ್ದು ಕೆಂಪು ಅರಗು, ನಮ್ಮ ಕಡೆ ಬಳೆ ಮಾಡುವವರು ಬಳಸುವಂಥದ್ದು. ಆಚಾರ್ರು ಅದನ್ನು ಅರದ ತುದಿಯಿಂದ ಕೆರೆದರು. ಕೆಳಗೆ ಕಪ್ಪು ಮೇಣದಂಥ ಇನ್ನೊಂದು ಪದರವಿತ್ತು, ಆ ಪದರದಲ್ಲಿ ಬೆಂಕಿಕಡ್ಡಿಯಷ್ಟು ತೆಳ್ಳಗಿನ ಒಂದು ಮರದ ಸಿಬಿರು ಅಂಟಿಕೊಂಡಿತ್ತು. ಶೆಫೀಲ್ಡಿನಿಂದ ಬಂದಾಗ ಈ ಚೂರಿಗೆ ಇದ್ದದ್ದು ಮರದ ಹಿಡಿ. ಅದು ಸೀಳಿದ ಮೇಲೆ ಇಲ್ಲಿಯೇ ಯಾವುದೋ ಕುಲುಮೆಯಲ್ಲಿ, ಇಲ್ಲಿಯ ಅರಗಿನಲ್ಲಿ, ಯಾರೋ ಕೊಂಬನ್ನು ಕೂರಿಸಿದ್ದರು. ಕೊಂಬು ಸಮುದ್ರ ದಾಟಿ ಹೋಗಿಯೂ ಇರಲಿಲ್ಲ, ಬಂದೂ ಇರಲಿಲ್ಲ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಕಥೆ ಸುಳ್ಳಾಗಿತ್ತು. ಆದರೂ ಆ ಕೆಂಪು ಅರಗನ್ನು ಕಂಡಾಗ ಮೊದಲಿಗಿಂತ ಹೆಚ್ಚಾಗಿ ಆ ಚೂರಿ ನಮ್ಮದೆನಿಸಿತು.

ಹೊಸ ಹಿಡಿಗೆ ಹುಣಸೆಯ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಎಂದು ಆಚಾರ್ರೇ ತೀರ್ಮಾನಿಸಿದರು. ಸೂರಿನ ಕೆಳಗೆ ಎಂಟು ವರ್ಷ ಒಣಗಿದ್ದ ತುಂಡು ಅವರಲ್ಲಿತ್ತು. ಕಪ್ಪು ನೇರಳೆ ಬಣ್ಣ, ಕಲ್ಲಿನಷ್ಟು ಭಾರ. ಹಸಿ ಮರವಾದರೆ ಒಣಗುತ್ತ ಕುಗ್ಗಿ ಮುಳ್ಳನ್ನು ಬಿಟ್ಟುಬಿಡುತ್ತದೆ. ಅದಕ್ಕೆ ತೂತು ಕೊರೆಯುವ ಕೆಲಸಕ್ಕೇ ಎರಡು ಗಂಟೆ ಹಿಡಿಯಿತು. ದುಂಡು ತೂತು ಕೊರೆದ ಮೇಲೆ, ಮುಳ್ಳಿನದೇ ಆಕಾರದ ಹಳೆಯ ಕಬ್ಬಿಣದ ತುಂಡನ್ನು ಕೆಂಪಗೆ ಕಾಯಿಸಿ, ಹೊಗೆಯೇಳುವಂತೆ ಒತ್ತಿ, ತೆಗೆದು, ಮತ್ತೆ ಒತ್ತಿ ಒಳಗೆ ಚೌಕದ ಜಾಗ ಮಾಡಿದರು. ಚೂರಿಯ ಮುಳ್ಳನ್ನು ಮಾತ್ರ ಒಮ್ಮೆಯೂ ಬೆಂಕಿಗೆ ತೋರಿಸಲಿಲ್ಲ. ಅಲಗೂ ಹಿಡಿಯೂ ಸೇರುವಲ್ಲಿಗೆ ಹಿತ್ತಾಳೆಯ ಒಂದು ಬಿಲ್ಲೆ ಬೇಕಿತ್ತು. ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲ ಹತ್ತಿರದಲ್ಲೇ ಇದ್ದುದರಿಂದ ಅದಕ್ಕೆ ಕಷ್ಟವಾಗಲಿಲ್ಲ.

ಅಂಟಿನ ವಿಷಯದಲ್ಲಿ ಮಾತ್ರ ನಾನು ವಾದ ಮಾಡಿದೆ. ಮೈಸೂರಿನಿಂದ ಒಳ್ಳೆಯ ಎಪಾಕ್ಸಿ ತಂದಿದ್ದೆ. ನೀರು, ಬಿಸಿ ಯಾವುದಕ್ಕೂ ಜಗ್ಗುವುದಿಲ್ಲವೆಂದು ಡಬ್ಬಿ ತೋರಿಸಿದೆ. ಆಚಾರ್ರು ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. “ನಾಳೆ ಇನ್ಯಾರೋ ಇದ್ನ ಬಿಚ್ಬೇಕಾಯ್ತದೆ ಕಣಪ್ಪ. ಆಗ ಅವ್ನು ಏನ್ ಮಾಡಾನು?” ಎಂದರು. ಬೆಳಗ್ಗೆ ಬಿಚ್ಚಿದವರು ನಾವೇ ಆಗಿದ್ದುದರಿಂದ ನನಗೆ ಉತ್ತರ ಹೊಳೆಯಲಿಲ್ಲ. ಅರಗನ್ನು ಕರಗಿಸಿ, ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ ತೂತಿಗೆ ಹೊಯ್ದು, ಮುಳ್ಳನ್ನು ಇಳಿಸಿ, ಚೂರಿಯನ್ನು ಗೋಡೆಗೆ ಒರಗಿಸಿಟ್ಟರು. ಹಿತ್ತಾಳೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಉಕ್ಕಿ ಬಂದು ಗಟ್ಟಿಯಾಯಿತು. ಅದನ್ನು ಒರೆಸಿ ತೆಗೆಯಬೇಡಿ ಎಂದು ನಾನೇ ಹೇಳಿದೆ.

ಮರುದಿನ ಅರಣ್ಯ ಕಚೇರಿಯಲ್ಲಿ ಕೆಲಸ ಬೇಗ ಮುಗಿಯಿತು. ವಿವರ ಬರೆದ ಕಾಗದಕ್ಕೆ ಸಹಿ ಹಾಕಿದೆ, ಕೊಂಬಿನ ತುಂಡನ್ನು ಮೇಜಿನ ಮೇಲಿಟ್ಟೆ. ನುಣುಪಾದ ಆ ಜಾಗದ ಮೇಲೆ ಒಮ್ಮೆ ಬೆರಳಾಡಿಸಿ ಬಂದೆ. ತಾತನ ಅಂಗೈ ಸವೆಸಿದ್ದು ಅದು, ಬೇಸರವಾಗಲಿಲ್ಲವೆಂದು ಹೇಳಲಾರೆ. ಆದರೆ ಕಡವೆಯ ಕೊಂಬು ಇರಬೇಕಾದದ್ದು ಕಡವೆಯ ತಲೆಯ ಮೇಲೆ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಮರುದಿನ ಹೊಸತೊಡಕಿಗೆ ಊರಿನಲ್ಲಿ ಹನ್ನೆರಡು ಮನೆಯವರು ಸೇರಿ ಗುಡ್ಡೆ ಮಾಂಸಕ್ಕೆಂದು ಎರಡು ಬಂಡೂರು ಕುರಿ ತಂದಿದ್ದರು. ಹೊಂಗೆ ಮರಕ್ಕೆ ನೇತುಹಾಕಿದ ಮೊದಲನೆಯ ಕುರಿಗೆ ನಾನು ತಾತನ ಚೂರಿ ತೆಗೆದೆ. ಸುಲಿಯುವುದರಲ್ಲಿ ಚೂರಿಯ ಕೆಲಸ ಕಡಿಮೆ: ಹಿಂಗಾಲಿನ ಗೆಣ್ಣಿನ ಸುತ್ತ, ತೊಡೆಯ ಒಳಗಡೆ, ಹೊಟ್ಟೆಯ ನಡುಗೆರೆಯ ಉದ್ದಕ್ಕೆ. ಮಿಕ್ಕಿದ್ದೆಲ್ಲ ಚರ್ಮಕ್ಕೂ ಮಾಂಸಕ್ಕೂ ನಡುವೆ ಮುಷ್ಟಿಯನ್ನು ತೂರಿಸಿ ಬಿಡಿಸುವುದು. ಆದರೆ ಆ ಸ್ವಲ್ಪ ಕೆಲಸದಲ್ಲಿ ಬಾಯಿ ತಪ್ಪಿದರೆ ಚರ್ಮ ತೂತಾಗುತ್ತದೆ, ಇಲ್ಲವೇ ಕರುಳು ಒಡೆದು ಮಾಂಸ ಕೆಡುತ್ತದೆ. ದುಂಡಗಿನ ಹೊಟ್ಟೆಯ ಆ ಅಲಗು ಒತ್ತದೆಯೇ ಜಾರಿಕೊಂಡು ಹೋಯಿತು. ಕೈಯೆಲ್ಲ ಕೊಬ್ಬಾದ ಮೇಲೂ ಹುಣಸೆಯ ಹಿಡಿ ಜಾರಲಿಲ್ಲ. ನಡುನಡುವೆ ಒರೆಸುವಾಗ ಉಕ್ಕಿನ ಮೈಮೇಲೆ ರಕ್ತ ತಾಗಿದಲ್ಲಿ ತೆಳುವಾದ ನೀಲಿ ಛಾಯೆ ಏಳುತ್ತಿತ್ತು. ಇದು ಕಾವಿನ ನೀಲಿಯಲ್ಲ. ಹಳೆಯ ಇಂಗಾಲದ ಉಕ್ಕು ಬಳಕೆಯಲ್ಲಿ ತಳೆಯುವ ಬಣ್ಣ, ತುಕ್ಕನ್ನು ತಡೆಯಲು ಅದೂ ನೆರವಾಗುತ್ತದೆ.

ಮಾಂಸ ಮುತ್ತುಗದ ಎಲೆಗಳ ಮೇಲೆ ಹನ್ನೆರಡು ಗುಡ್ಡೆಗಳಾಗುತ್ತಿರುವಾಗ, ತೊಳೆದು ಕೊಬ್ಬರಿ ಎಣ್ಣೆ ಸವರಿಡೋಣವೆಂದು ಚೂರಿಗಾಗಿ ಕೈಚಾಚಿದೆ. ಎಪ್ಪತ್ತು ದಾಟಿದ ಚಿಕ್ಕಪ್ಪ ಅಷ್ಟರಲ್ಲೇ ಅದನ್ನು ಎತ್ತಿಕೊಂಡು, ಹಿಡಿಯನ್ನು ಎರಡು ಸಲ ಅಂಗೈಯಲ್ಲಿ ತಿರುಗಿಸಿ ನೋಡಿ, ಏನೂ ಹೇಳದೆ ಎರಡನೆಯ ಕುರಿಯ ಕಡೆ ನಡೆದರು.