ಭಾರದ ದಿನಕ್ಕೆ ಬೇಕಾದ ಬ್ಯಾಗು

ಮೇ 17, 2025, ಶನಿವಾರ
ಸನ್ನಿವೇಲ್, ಕ್ಯಾಲಿಫೋರ್ನಿಯಾ

ಅಂತೂ ಇವತ್ತು ಬ್ಯಾಗು ಯಾವುದು ಅಂತ ತೀರ್ಮಾನವಾಯಿತು. ಆಗಸ್ಟ್‌ನಲ್ಲಿ ನಾನು, ಅಕ್ಕ ಇಬ್ಬರೂ ಸಿಯೆರಾ ನೆವಾಡಾ ಬೆಟ್ಟಸಾಲಿನ ನಡಿಗೆ ದಾರಿ ಜಾನ್ ಮ್ಯೂರ್ ಟ್ರೇಲ್‌ಗೆ ಹೊರಡುತ್ತಿದ್ದೇವೆ. ಯೊಸೆಮಿಟಿ ಕಣಿವೆಯಿಂದ ಮೌಂಟ್ ವಿಟ್ನಿಯ ತುದಿವರೆಗೆ ಸುಮಾರು 340 ಕಿಲೋಮೀಟರ್ ದಾರಿ. ವಿಟ್ನಿಯ ಎತ್ತರ 4,421 ಮೀಟರ್. ಅಲ್ಲಿಂದ ಇಳಿದು ರಸ್ತೆ ಸೇರಲು ಮತ್ತೆ 17 ಕಿಲೋಮೀಟರ್ ನಡೆಯಬೇಕು.

ಹಗುರವಾದ ಬ್ಯಾಗು ಬೇಕು ಅಂದಕೂಡಲೇ ಎಲ್ಲರೂ ನೋಡುವುದು ಬ್ಯಾಗಿನ ತೂಕವನ್ನೇ. ಒಂದು 600 ಗ್ರಾಂ, ಇನ್ನೊಂದು 900, ಮತ್ತೊಂದು 1,200. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಬ್ಯಾಗು ಕೊನೆಗೆ ಕೊಳ್ಳಬೇಕಾದ ಸಾಮಾನು. ಟೆಂಟು, ಹೊದಿಕೆ, ಒಲೆ, ಬಟ್ಟೆ ಎಲ್ಲವನ್ನೂ ಮೊದಲು ತೂಗಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದಾರಿಯಲ್ಲಿ ಅತಿ ಭಾರ ಹೊರುವ ದಿನ ಯಾವುದು? ಆ ದಿನ ಎಷ್ಟು ಕಿಲೋ?

ನಮಗೆ ಆ ದಿನ ಬರುವುದು ಮ್ಯೂರ್ ಟ್ರೇಲ್ ರ‍್ಯಾಂಚ್‌ನಲ್ಲಿ. ದಾರಿಯ ಸುಮಾರು ಮಧ್ಯದಲ್ಲಿದೆ. ಊಟದ ಸಾಮಾನನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ತುಂಬಿ ಮೊದಲೇ ಅಲ್ಲಿಗೆ ಅಂಚೆಯಲ್ಲಿ ಕಳಿಸಿರಬೇಕು. ಅಲ್ಲಿ ತುಂಬಿಕೊಂಡು ಹೊರಟರೆ, ಟ್ರೇಲ್ ಬಿಟ್ಟು ಕೆಳಗಿಳಿಯದ ಹೊರತು ವಿಟ್ನಿವರೆಗಿನ ಸುಮಾರು 180 ಕಿಲೋಮೀಟರ್‌ಗೆ ಬೇರೇನೂ ಸಿಗುವುದಿಲ್ಲ. ಎಂಟು ದಿನದ ಊಟ, ದಿನಕ್ಕೆ 750 ಗ್ರಾಂನಂತೆ 6 ಕಿಲೋ. ನೀರು 2 ಕಿಲೋ. ಬ್ಯಾಗೂ ಸೇರಿ ಉಳಿದ ಸಾಮಾನು 6.5 ಕಿಲೋ. ಗ್ಯಾಸ್ ಸೇರಿಸಿದರೆ 15ರ ಹತ್ತಿರ ಬಂತು.

ಈ ಲೆಕ್ಕದಲ್ಲಿ ಕರಡಿ ಡಬ್ಬಿಯ ಪಾಲೂ ಇದೆ, ಕರಡಿಗೆ ತೆರೆಯಲಾಗದ ಊಟದ ಡಬ್ಬಿ ಅದು. ಸಿಯೆರಾದ ಕಪ್ಪು ಕರಡಿಗಳು ಊಟದ ವಾಸನೆ ಹಿಡಿದು ಬರುತ್ತವೆ. ಅದಕ್ಕೇ ಈ ದಾರಿಯ ಬಹುಭಾಗದಲ್ಲಿ ಗಟ್ಟಿ ಡಬ್ಬಿ ಕಡ್ಡಾಯ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಕೂಡ ರಾತ್ರಿ ಅದರೊಳಗೇ ಇರಬೇಕು. ನಮ್ಮದು ಬೇರ್‌ವಾಲ್ಟ್ ಕಂಪನಿಯ ಬಿವಿ500, ಒಳಗಿನದು ಕಾಣುವ ನೀಲಿ ಪ್ಲಾಸ್ಟಿಕ್‌ನದು. ಖಾಲಿ ಡಬ್ಬಿಯೇ 1.16 ಕಿಲೋ, ಹಿಡಿಯುವುದು 11.5 ಲೀಟರ್. ಎಂಟು ದಿನದ ಊಟ ಅದರಲ್ಲಿ ಕೂರಬೇಕು ಅಂದರೆ ಕೋಡುಬಳೆ, ಚಕ್ಕುಲಿ ಎಲ್ಲ ಮರೆಯಬೇಕು, ಬರೀ ಗಾಳಿಯೇ ಜಾಗ ತಿನ್ನುತ್ತದೆ. ಅಕ್ಕ ಹುರಿಗಡಲೆ ತಂಬಿಟ್ಟು ಕಟ್ಟಿ, ಡಬ್ಬಿಯ ಗೋಡೆಗೆ ಒತ್ತಿ ಒತ್ತಿ ತುಂಬಿ ನೋಡಿದ್ದಾಳೆ. ಗೊಜ್ಜವಲಕ್ಕಿಗೆ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿಕೊಂಡರೆ ಅರ್ಧ ಜಾಗ ಉಳಿಯಿತು. ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಸಾಕು, ಒಲೆಯೂ ಬೇಡ.

ಬೆಳಿಗ್ಗೆ ಇಬ್ಬರೂ ಫ್ರೀಮಾಂಟ್‌ನ ಮಿಷನ್ ಪೀಕ್ ಹತ್ತಿದೆವು. ಗೆಳೆಯರಿಂದ ಎರಡು ಬ್ಯಾಗು ತಂದಿದ್ದೆವು. ಒಂದು ಬೆನ್ನಿಗೆ ಆಧಾರ ಕೊಡುವ ಫ್ರೇಮ್ ಇಲ್ಲದ್ದು, ತುಂಬಾ ಹಗುರ. ಇನ್ನೊಂದು ಯುಎಲ್ಎ ಕಂಪನಿಯ ಸರ್ಕಿಟ್, 68 ಲೀಟರ್, ತೂಕ ಸುಮಾರು 1.1 ಕಿಲೋ, ಒಳಗೆ ಹಗುರವಾದ ಫ್ರೇಮ್ ಇದೆ. ಎರಡಕ್ಕೂ ಒಂದೊಂದು ಸೋನಾ ಮಸೂರಿ ಚೀಲ (20 ಪೌಂಡ್, ಅಂದರೆ 9 ಕಿಲೋ), ಕರಡಿ ಡಬ್ಬಿ, ಮೇಲಿಷ್ಟು ನೀರಿನ ಬಾಟಲಿ ಹಾಕಿ ಸರಿಯಾಗಿ 15 ಕಿಲೋ ಮಾಡಿದೆವು.

ಫ್ರೇಮ್ ಇಲ್ಲದ ಬ್ಯಾಗು ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಏರು ಜಾಸ್ತಿಯಾದ ಮೇಲೆ ಬೆನ್ನಿನ ಭಾಗ ಮಡಚಿಕೊಂಡು ಕೆಳಗೆ ಕುಸಿಯಿತು. ಸೊಂಟದ ಪಟ್ಟಿ ಎಷ್ಟು ಬಿಗಿದರೂ ಭಾರವೆಲ್ಲ ಹೆಗಲಿಗೇ ಬಂತು. ಡಬ್ಬಿಯ ಅಂಚು ಬೆನ್ನುಮೂಳೆಗೆ ಒತ್ತತೊಡಗಿತು. ಅರ್ಧ ದಾರಿಯಲ್ಲಿ ಬ್ಯಾಗು ಬದಲಾಯಿಸಿಕೊಂಡೆವು. ಸರ್ಕಿಟ್‌ನ ಪಟ್ಟಿ ಕಟ್ಟಿ, ಹೆಗಲ ಮೇಲಿನ ಸಣ್ಣ ಪಟ್ಟಿ ಎಳೆದ ತಕ್ಷಣ ಭಾರ ಹೆಗಲು ಬಿಟ್ಟು ಸೊಂಟಕ್ಕೆ ಇಳಿಯಿತು. "ಇದು ಬ್ಯಾಗು ಕಣೇ!" ಅಂದಳು ಅಕ್ಕ, ಆಮೇಲೆ ಅದನ್ನು ಮತ್ತೆ ಹಾಕಿಕೊಂಡಾಗ. ಫ್ರೇಮ್‌ನ ಕೆಲಸ ಇಷ್ಟೇ, ಭಾರವನ್ನು ಸೊಂಟದ ಮೂಳೆಗೆ ದಾಟಿಸುವುದು. 9 ಕಿಲೋ ಒಳಗೆ ಹೊರುವವರಿಗೆ ಅದು ಬೇಕಿಲ್ಲ. 15 ಕಿಲೋಗೆ ಬೇಕೇ ಬೇಕು. ಐನೂರು ಗ್ರಾಂ ಉಳಿಸಲು ಹೋಗಿ ಹೆಗಲು ಕಳೆದುಕೊಳ್ಳುವುದು ಯಾವ ಉಳಿತಾಯ?

ಎಮ್ಮಾ ಗೇಟ್‌ವುಡ್ ನೆನಪಾಗುತ್ತಾರೆ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಟ್ರೇಲ್ ಪೂರ್ತಿ ಒಬ್ಬರೇ ನಡೆದ ಅಜ್ಜಿ. ಹೆಗಲಿಗೆ ಮನೆಯಲ್ಲೇ ಹೊಲಿದ ಡೆನಿಮ್ ಚೀಲ, ಮಳೆಗೆ ಶವರ್ ಪರದೆ. ಅವರನ್ನು ನಾನು ತುಂಬಾ ಗೌರವಿಸುತ್ತೇನೆ. ಆ ಚೀಲ ಅವರಿಗೆ ನಡೆದದ್ದು ಒಳಗೆ ಅಷ್ಟು ಕಡಿಮೆ ಇದ್ದದ್ದರಿಂದ. ಒಳಗಿನದು ಇಳಿಸದೆ ಚೀಲ ಮಾತ್ರ ಹಗುರ ಮಾಡಿದರೆ ಆಗದು, ಅಲ್ವಾ?

ಸಂಜೆ ಅಕ್ಕ ಟೇಪ್ ಹಿಡಿದು ನನ್ನ ಬೆನ್ನು ಅಳೆದಳು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಎರಡೂ ಸೊಂಟದ ಮೂಳೆಯ ಮೇಲ್ತುದಿಗೆ ಹೆಬ್ಬೆರಳಿಟ್ಟಾಗ ಸೇರುವ ಗೆರೆಯವರೆಗೆ. ನನ್ನದು 45 ಸೆಂಟಿಮೀಟರ್. ನನಗಿಂತ ಎತ್ತರದ ಅಕ್ಕನದು 43! ಆಳಿನ ಎತ್ತರ ನೋಡಿ ಸೈಜ್ ಹೇಳುವ ಅಂಗಡಿಯವರನ್ನು ನಂಬಬೇಡಿ. ಸರ್ಕಿಟ್‌ನಲ್ಲಿ ಬೆನ್ನಿನ ಅಳತೆ ಬೇರೆ, ಸೊಂಟದ ಪಟ್ಟಿಯ ಅಳತೆ ಬೇರೆ ಆರಿಸಬಹುದು. ಹೆಗಲ ಪಟ್ಟಿಯಲ್ಲೂ ಎರಡು ಆಕಾರ ಇದೆ. ಎಸ್ ಆಕಾರದ್ದು ಎದೆಯನ್ನು ಬಳಸಿ ಹೋಗುತ್ತದೆ. ಹೆಚ್ಚಿನ ಹೆಂಗಸರಿಗೆ ಅದೇ ಹಿತ.

ಮಳೆಗೆ ಕವರ್ ತಗೊಳ್ಳುತ್ತಿಲ್ಲ. ಬೇಸಿಗೆಯಲ್ಲೂ ಸಿಯೆರಾದಲ್ಲಿ ಮಧ್ಯಾಹ್ನ ಗುಡುಗು ಮಳೆ ಬರುತ್ತದೆ. ಕವರ್ ಹಾಕಿದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನ ಒಳಗೆ ದಪ್ಪನೆಯ ಕಸದ ಚೀಲ ಹಾಕಿ, ಬಾಯಿ ತಿರುಚಿ ಮುಚ್ಚಿದರೆ ಹೊದಿಕೆ ನೆನೆಯುವ ಭಯವಿಲ್ಲ.

ರಾತ್ರಿ ಇಬ್ಬರಿಗೂ ಒಂದೊಂದು ಸರ್ಕಿಟ್ ಆರ್ಡರ್ ಹಾಕಿದೆವು. ಬಂದ ಮೇಲೆ ಕಡಲ ತೀರದ ಪಾಯಿಂಟ್ ರೇಯ್ಸ್‌ನಲ್ಲಿ ಒಂದು ರಾತ್ರಿ ಇದ್ದು ಬರಬೇಕು, ಈ ಸಲ ಅಕ್ಕಿಯ ಬದಲು ನಿಜವಾದ ಊಟ ತುಂಬಿಕೊಂಡು.